ತಟ್ಟೆಯೊಳಗಿನ ಕೆಚ್ಚಲು

ಹಸು ಸಾಕುವವರಿಗೆ ಮಾತಾಡಿಸಲು ಒಂದು ಹಸುವಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಪುಣೆಯ ಒಂದು ಪ್ರಯೋಗಾಲಯದಲ್ಲಿ ನಾನು ಸಾಕುತ್ತಿದ್ದದ್ದು ಹಸುವಿನ ಕೆಚ್ಚಲಿನ ಜೀವಕೋಶಗಳನ್ನು, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ. ಕೊಂಬಿಲ್ಲ, ಬಾಲವಿಲ್ಲ, ಅಂಬಾ ಎನ್ನುವ ದನಿಯಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಇದನ್ನೆಲ್ಲ ಹೇಳಬೇಡ ಎಂದು ಮಂಡ್ಯದ ಸೋದರತ್ತೆ ಎಚ್ಚರಿಸಿದ್ದರು. ಹಾಲು ಹೇಗೆ ಹುಟ್ಟುತ್ತದೆಂದು ನಾನು ಕಂಡುಹಿಡಿಯಬೇಕಿತ್ತು. ಇವೋ, ಹಾಕಿದ್ದನ್ನು ತಿಂದು ಮೈ ಬೆಳೆಸಿದವೇ ಹೊರತು ಹಾಲಿನ ಸುದ್ದಿ ಎತ್ತಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಬಿಟ್ಟರೆ ತಾವು ಯಾರೆಂಬುದನ್ನೇ ಮರೆಯುತ್ತವಂತೆ. ಮೆತ್ತನೆಯ ಹಾಸಿಗೆ ಬೇಕು, ಮಗ್ಗುಲಲ್ಲಿ ತಮ್ಮವರು ಬೇಕು. ಹಡಪಸರದ ಬಾಡಿಗೆ ಕೋಣೆಯಲ್ಲಿ ಚಾಪೆಯ ಮೇಲೆ ಒಬ್ಬಳೇ ಮಲಗುತ್ತಿದ್ದ ನನಗೆ ಇದನ್ನು ಓದಿ ಹೊಟ್ಟೆಕಿಚ್ಚಾಯಿತು. ಆದರೂ ಹಾಸಿಕೊಟ್ಟೆ. ಇವಕ್ಕೆ ಮೇವು ಹಾಕುವವರಿಲ್ಲವೆಂದು ಹಬ್ಬಕ್ಕೂ ಊರಿಗೆ ಹೋಗಲಿಲ್ಲ. ಮನೆಯವರು ಕರೆದು ಕರೆದು ಸುಮ್ಮನಾದರು.

ಕೊನೆಗೊಂದು ಭಾನುವಾರ ತಟ್ಟೆಯಲ್ಲಿ ಹಾಲಿನ ಪ್ರೋಟೀನು ಕಾಣಿಸಿತು. ಲ್ಯಾಬಿನಲ್ಲಿ ನರಪಿಳ್ಳೆಯಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ, ಮನೆಗೆ ಬಂದವಳೇ ಪಕ್ಕದ ಮನೆಯ ಶಾಂತವ್ವನಿಗೆ ನಮ್ಮ ಹಸು ಹಾಲು ಕೊಟ್ಟಿತು ಎಂದುಬಿಟ್ಟೆ. ಕಲಬುರ್ಗಿ ಕಡೆಯವಳು, ಗಂಡ ಗೌಂಡಿ, ಗಾರೆ ಕೆಲಸದವನು. ಕಂಡಾಗ ನಗುತ್ತಿದ್ದಳೇ ಹೊರತು ನಮ್ಮಲ್ಲಿ ಮಾತು ಬೆಳೆದಿರಲಿಲ್ಲ. ಕೆಲಸದ ಕಡೆ ಹಸು ಕಟ್ಟಿದ್ದೇನೆ ಎಂದುಕೊಂಡಳೇನೋ, ಸ್ವಲ್ಪ ಹೊತ್ತಿಗೆ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಆಕಳು ಈದ ಮನೆಯವರು ನೆರೆಯವರಿಗೆ ಗಿಣ್ಣ ಹಂಚಬೇಕು. ಓದಿದವಳಿಗೆ ಗೊತ್ತಿರಲಿಕ್ಕಿಲ್ಲವೆಂದು ತಾನೇ ಬಂದಳಂತೆ. ನನ್ನ ತಟ್ಟೆಯ ಹಾಲು ಇರುವೆಯ ನಾಲಗೆಗೂ ಸಾಲದು. ಓಡಿಹೋಗಿ ಡೇರಿ ಅಂಗಡಿಯಿಂದ, ಮರಾಠಿಯವರು ಖರವಸ ಎನ್ನುವ ಆ ಗಿಣ್ಣವನ್ನೇ ತಂದು ಬಟ್ಟಲಿಗೆ ಹಾಕಿದೆ. ಅವಳು ಬಾಯಿಗಿಟ್ಟು ಮೆಚ್ಚಿದಳು. ಆಮೇಲೆ ಕೇಳಿದಳು:

"ಕರ ಹೆಣ್ಣೋ ಗಂಡೋ, ಅಕ್ಕಾರ?"

ನಾನು ಕಲಿತ ವಿದ್ಯೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. "ಕರು ಇಲ್ಲ ಶಾಂತವ್ವ," ಎಂದೆ.

ಅವಳ ಮುಖ ಬಾಡಿತು. "ಹೋತೇನ್ರಿ? ಪಾಪ. ನೀವೂ ಒಬ್ಬರೇ ಇರ್ತೀರಿ. ಇವತ್ತ ಒಲಿ ಹಚ್ಚಬ್ಯಾಡ್ರಿ."

ರೊಟ್ಟಿ, ಪುಂಡಿಪಲ್ಯ ತಂದು ಎದುರಿಗೆ ಕುಳಿತು ಉಣ್ಣಿಸಿದಳು. ಬೆನ್ನು ಸವರುತ್ತ, ಹುಟ್ಟದೇ ಇದ್ದ ಕರುವಿಗಾಗಿ ಮರುಗಿದಳು. ನಿಜ ಹೇಳಬಹುದಿತ್ತು; ಹೇಳಿದರೆ ಎದ್ದು ಹೋದಾಳು ಎಂದು ಬಾಯಿ ಬಿಡಲಿಲ್ಲ. ಅವಳ ಜೊತೆ ನಾನೂ ಅತ್ತುಬಿಟ್ಟೆ, ಚೆನ್ನಾಗಿಯೇ. ಬರೋ ವರ್ಷ ಚೆಂದದ ಕರ ಆಗ್ತದ ಎಂದು ಸಮಾಧಾನ ಹೇಳಿ ಹೊರಟಳು. ನಾನು ಬಾಗಿಲು ಹಾಕಿಕೊಂಡು, ಬಂದ ಹಾಲಿನ ಸಂತೋಷವನ್ನೆಲ್ಲ ಮರೆತು, ಮುಂದಿನ ವಾರ ನಮ್ಮ ಹಸುವಿಗೆ ಏನಾದರೊಂದು ಕಾಯಿಲೆ ಬರಿಸಬಹುದೇ ಎಂದು ಯೋಚಿಸುತ್ತ ಕುಳಿತೆ.