ಮೇಡಂ ಗಿಡಕ್ಕೆ ಕೊನೆಯ ನೀರು

ಅರ್ಜುಮಂದ ಮೇಡಂ ಅವರ ಗಿಡದ ಕಟ್ಟಕಡೆಯ ಎಲೆ ಭಾನುವಾರ ಬೆಳಿಗ್ಗೆ, ಭೀಮಾಶಂಕರ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ, ಅವನ ಕಣ್ಣೆದುರೇ ಉದುರಿ ಅವನ ಚಪ್ಪಲಿಯ ಮೇಲೆ ಬಿತ್ತು. ಬಾಯಲ್ಲಿದ್ದ ನೊರೆ ಉಗುಳುವುದನ್ನೂ ಮರೆತು ಅವನು ಗಿಡ ನೋಡಿದ. ಗಿಡ ಅನ್ನಲು ಅಲ್ಲಿ ಉಳಿದದ್ದು ಸುವರ್ಣಗಡ್ಡೆಯಂತೆ ಉಬ್ಬಿದ ಬುಡ, ಅದರ ಮೇಲೆ ನಾಲ್ಕು ಬೋಳು ಕಡ್ಡಿ. ಅವತ್ತೇ ಸಂಜೆ ಮೇಡಂ ಗಿಡ ತೆಗೆದುಕೊಂಡು ಹೋಗಲು ಬರುವವರಿದ್ದರು.

ಅದು ಹಾದಿಬೀದಿಯ ಗಿಡವಲ್ಲ. ಮರುಭೂಮಿಯ ಗುಲಾಬಿ, ತಿಳಿದವರು ಅಡೇನಿಯಂ ಅನ್ನುತ್ತಾರೆ. ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಭೀಮಾಶಂಕರ ಗುಮಾಸ್ತ, ಅರ್ಜುಮಂದ ಮೇಡಂ ಅವನ ಮೇಲಧಿಕಾರಿ. ಸಂಕ್ರಾಂತಿ ಮುಗಿದ ಮೇಲೆ ಧಾರವಾಡಕ್ಕೆ ತರಬೇತಿಗೆ ಹೊರಟಾಗ ಅವರು ಕುಂಡವನ್ನು ಇವನ ಕೈಗಿಟ್ಟು, “ಬಿಸಲಾಗ ಇಡ್ರಿ. ನೀರು ಮಾತ್ರ ಹಾಕಬ್ಯಾಡ್ರಿ. ಇದು ನೀರಡಿಸಿ ಸಾಯಂಗಿಲ್ಲ, ನೀರು ಹೆಚ್ಚಾಗಿ ಸಾಯ್ತದ” ಎಂದಿದ್ದರು. ಕಾರಿನ ಬಾಗಿಲು ಹಾಕಿಕೊಳ್ಳುವಾಗ ಇನ್ನೊಂದು ಮಾತು ಸೇರಿಸಿದ್ದರು: “ನಿಮ್ಮ ವರ್ಗಾವಣಿ ಅರ್ಜಿ ನೋಡೀನಿ. ಬಂದ ಮ್ಯಾಲ ಮಾತಾಡೋಣು.”

ಭೀಮಾಶಂಕರನ ಜೀವವೆಲ್ಲ ಆ ಅರ್ಜಿಯಲ್ಲಿತ್ತು. ಹೆಂಡತಿ ಬಸವೇಶ್ವರಿ ಯಾದಗಿರಿಯಲ್ಲಿ ನರ್ಸು. ಇವನು ಸುರಪುರದ ರಂಗಂಪೇಟೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ತಾನೇ ಬೇಯಿಸಿದ ಬೇಳೆಯನ್ನು ತಾನೇ ಬೈದುಕೊಂಡು ತಿನ್ನುತ್ತಿದ್ದ. ಸಂಸಾರ ಭಾನುವಾರಕ್ಕೊಮ್ಮೆ. ಹೋದ ಸಲ ಅವನು ಹೊರಟು ನಿಂತಾಗ ಪುಟ್ಟ ಮಗಳು ಅವ್ವನನ್ನು, “ಈ ಮಾಮ ಮತ್ತ ಯಾವಾಗ ಬರ್ತಾನ?” ಎಂದು ಕೇಳಿದ್ದಳು. ಬಸವೇಶ್ವರಿ ನಕ್ಕುಬಿಟ್ಟಳು. ಇವನು ಬಸ್ಸಿನಲ್ಲಿ ಕೂತು ಅತ್ತ.

ಗಿಡದ ವಿಷಯ ಮೇಡಂಗೇ ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಅನ್ನಿ, ಅನ್ನಿ. ನಿಮ್ಮ ವರ್ಗಾವಣೆ ಯಾರ ಕೈಯಲ್ಲೂ ಇಲ್ಲ, ಅದಕ್ಕೇ ಅನ್ನುತ್ತೀರಿ.

“ಯಾಕೋ ಭೀಮಣ್ಣ, ಲೈಟಿನ ಕಂಬ ನಿಂತಂಗ ನಿಂತೀ?” ಮನೆಯೊಡತಿ ಶಿವಬಸಮ್ಮ ಕಸಬರಿಗೆ ಹಿಡಿದು ಬಂದಳು.

“ಗಿಡ ನೋಡ್ರಿ ಅಮ್ಮ. ಒಂದೂ ಎಲಿ ಉಳೀಲಿಲ್ಲ.”

ಶಿವಬಸಮ್ಮ ಊರಿನ ಅರ್ಧ ಸಾವುಗಳಲ್ಲಿ ಮುಂದೆ ಕೂತು ಅತ್ತವಳು. ಕುಂಡದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, “ಹೋಗ್ಯಾದ” ಎಂದಳು.

“ಎಲ್ಲಿಗ್ರಿ?”

“ಎಲ್ಲಿಗಂದ್ರ? ಶಿವನ ಪಾದಕ್ಕ.”

ಅಷ್ಟರಲ್ಲಿ ಮೋಟುಗೋಡೆಯ ಆಚೆಯಿಂದ ಪಕ್ಕದ ಮನೆಯ ಖಾಸಿಂಬೀ ಇಣುಕಿದಳು. ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಹೂಂ ಅಂದ ದಿನವಿಲ್ಲ, ಒಬ್ಬರನ್ನೊಬ್ಬರು ಬಿಟ್ಟು ಚಹಾ ಕುಡಿದ ದಿನವೂ ಇಲ್ಲ. “ಹಂಗ ಅನಬ್ಯಾಡ ಶಿವಬಸಮ್ಮ. ಇದಕ್ಕ ನಜರ್ ಆಗ್ಯಾದ, ಯಾರದೋ ಕಣ್ಣು ಬಿದ್ದದ” ಎನ್ನುತ್ತ ಈಚೆ ಬಂದು ಉಗುರಿನಿಂದ ಕಡ್ಡಿ ಕೆರೆದಳು. “ನೋಡು, ಒಳಗ ಹಸರ ಅದ. ಜಾನ್ ಅದ ಇನ್ನಾ.”

“ಕೊತಂಬ್ರಿ ಕಿತ್ತು ಸಂತಿಗೆ ತಂದ್ರೂ ಹಸರೇ ಇರ್ತದ. ಅದಕ್ಕ ಜೀವ ಅದ ಅಂತೀಯೇನು?”

“ಮತ್ತ ಬುಡ ಇಷ್ಟ್ ದಪ್ಪ ಯಾಕದ?”

“ಬಾತದ್ದು ಅದು. ನಮ್ಮ ಮಾವಗೂ ಕೊನೀಗೆ ಕಾಲು ಹಿಂಗೇ ಬಾತಿದ್ವು.”

ಭೀಮಾಶಂಕರನಿಗೆ ಖಾಸಿಂಬೀ ಮಾತಾಡಿದಾಗ ಗಿಡ ಬದುಕಿದೆ ಅನ್ನಿಸಿತು, ಶಿವಬಸಮ್ಮ ಮಾತಾಡಿದಾಗ ಸತ್ತಿದೆ ಅನ್ನಿಸಿತು, ಇಬ್ಬರೂ ಸುಮ್ಮನಾದಾಗ ತಾನು ಬದುಕಿದ್ದೇನೋ ಸತ್ತಿದ್ದೇನೋ ತಿಳಿಯದಾಯಿತು. ಸಾವು ಬದುಕು ದಿನಾ ನೋಡುವವಳು ಹೆಂಡತಿ ಎಂದು ಅವಳಿಗೆ ಫೋನು ಹಚ್ಚಿದ.

“ಬಸವೇಶ್ವರಿ, ಜೀವ ಅದನೋ ಇಲ್ಲೋ ಹೆಂಗ ಗೊತ್ತು ಮಾಡೋದು?”

“ಯಾರದ್ರೀ? ಯಾರಿಗೇನಾತು?”

“ಮೇಡಂ ಗಿಡದ್ದು.”

ಅವಳು ಉಸಿರು ಬಿಟ್ಟಳು. “ನಾ ಮನಷ್ಯಾರ ನರ್ಸ್ ಅದೀನ್ರಿ. ಮುಟ್ಟಿ ನೋಡ್ರಿ, ತಣ್ಣಗ ಆಗ್ಯಾದೇನು?”

“ಹೌದು, ತಣ್ಣಗ ಅದ.”

“ಮೊದಲ ಹೆಂಗಿತ್ತು?”

“ಮೊದಲೂ ತಣ್ಣಗೇ ಇತ್ತು.”

“ಹಂಗಾದ್ರ ನನಗ ತಿಳಿಯಂಗಿಲ್ಲ. ಡಾಕ್ಟ್ರು ಬಂದ್ರು, ಇಡ್ತೀನಿ. ಏನರೆ ಮಾಡ್ರಿ, ಮೇಡಂ ಮನಸ್ಸು ಕೆಡಿಸಬ್ಯಾಡ್ರಿ. ನನಗೂ ಒಬ್ಬಾಕಿಗೆ ಸಾಕಾಗ್ಯಾದ.”

ಕೊನೆಯ ಮಾತು ಅವನ ಎದೆಗೆ ನಾಟಿತು. ತಲೆ ಮೇಲೆ ನಾಲ್ಕು ತಂಬಿಗೆ ನೀರು ಸುರುವಿಕೊಂಡರೆ ಏನಾದರೂ ಹೊಳೆದೀತು ಎಂದು ಬಚ್ಚಲಿಗೆ ಹೋದ. ಅಲ್ಲೇ ಅವನು ತಪ್ಪಿದ್ದು.

ಈ ಕಡೆ, ಹೋಗುವ ಜೀವಕ್ಕೆ ಬಾಯಲ್ಲಿ ನೀರು ಬಿಡದೆ ಕಳಿಸುವ ಪದ್ಧತಿ ಇಲ್ಲ. ಬದುಕಿದ್ದಾಗ ಹೊರಳಿ ನೋಡದವರೂ ಆ ಹೊತ್ತಿಗೆ ಚಮಚ ಹಿಡಿದು ಓಡಿ ಬರುತ್ತಾರೆ. ಶಿವಬಸಮ್ಮನ ಕರುಳು ಚುರ್ ಅಂದಿತು. “ಪಾಪ, ಈ ಮನಿಗೆ ಬಂದಾಗಿಂದ ಒಂದು ಗುಟುಕು ನೀರು ಕಂಡಿಲ್ಲ. ನೀರಡಿಸಿ ಹೋದ್ರ ಆ ಪಾಪ ನನ್ನ ಅಂಗಳಕ್ಕ ಸುತ್ಕೋತದ” ಎಂದು ಒಂದು ತಂಬಿಗೆ ನೀರು ತಂದು ಬುಡಕ್ಕೆ ಬಿಟ್ಟಳು. ಖಾಸಿಂಬೀ ಸುಮ್ಮನಿರುತ್ತಾಳೆಯೇ? ಹಜ್‌ಗೆ ಹೋಗಿ ಬಂದ ಬೀಗರು ಕೊಟ್ಟಿದ್ದ ಝಮ್‌ಝಮ್ ನೀರಿನ ಶೀಶೆ ಪೆಟ್ಟಿಗೆಯಲ್ಲಿತ್ತು. ಬಿಸ್ಮಿಲ್ಲಾ ಎಂದು ಅದರಿಂದ ಎರಡು ಹನಿ ಬಿಟ್ಟಳು. ಎರಡು ಹನಿ ಯಾವ ಲೆಕ್ಕಕ್ಕೆ ಎಂದು ಹಿಂದೆಯೇ ಒಂದು ಕೊಡ ನಳದ ನೀರನ್ನೂ ಸುರಿದಳು. ಓಣಿಯಲ್ಲಿ ಹೊರಟವರು ಬಾಗಿಲಲ್ಲಿ ನಿಂತು, “ಯಾರು ಹೋದ್ರವಾ?” ಎಂದು ಕೇಳಿ, ಬಂದಿದ್ದಕ್ಕೆ ತಮ್ಮದೂ ಒಂದು ವಾಟಿ ನೀರು ಇರಲಿ ಎಂದು ಬಿಟ್ಟು ಹೋದರು.

ಭೀಮಾಶಂಕರ ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಕುಂಡ ಕೆರೆಯಾಗಿತ್ತು.

“ಏನ್ ಮಾಡಿದ್ರಿ ಅಮ್ಮ ಇದು?” ಎಂದ.

“ನಮ್ಮ ಕೈಲಾದದ್ದು ಮಾಡೀವಪ್ಪ” ಎಂದು ಶಿವಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀರು ಹೊರಗೆ ಚೆಲ್ಲಬೇಕೆಂದು ಅವನು ಒಂದು ಕೈಯಲ್ಲಿ ಟವೆಲು ಹಿಡಿದು, ಇನ್ನೊಂದು ಕೈಯಲ್ಲಿ ಕುಂಡ ಬಗ್ಗಿಸಿದ. ನೆನೆದ ಮಣ್ಣು ಜಾರಿತು. ಮಣ್ಣಿನ ಹಿಂದೆ ಗಿಡವೂ ಜಾರಿ ಹಾಸುಗಲ್ಲಿನ ಮೇಲೆ ಬಿದ್ದು, ಬುಡ ಸರಿಯಾಗಿ ಎರಡು ಹೋಳಾಯಿತು. ಒಳಗಿಂದ ಬೆಳ್ಳನೆಯ ಹಾಲು ಒಸರಿತು.

ಖಾಸಿಂಬೀ ಬಗ್ಗಿ ನೋಡಿದಳು. “ಈಗ ಹೋತು” ಎಂದು ಮೊದಲ ಬಾರಿಗೆ ಶಿವಬಸಮ್ಮನ ಮಾತಿಗೆ ಒಪ್ಪಿದಳು. ಕಸದ ಗಾಡಿ ಅದೇ ಹೊತ್ತಿಗೆ ಓಣಿಗೆ ಬಂತು. ಸತ್ತದ್ದನ್ನು ಹೊತ್ತು ಮುಳುಗುವ ತನಕ ಮನೆಯಲ್ಲಿ ಇಡಬಾರದೆಂದು ಶಿವಬಸಮ್ಮ ಎರಡೂ ಹೋಳುಗಳನ್ನು ಗಾಡಿಗೆ ಹಾಕಿ ಕೈಮುಗಿದಳು.

ಭೀಮಾಶಂಕರನಿಗೆ ಒಂದೇ ದಾರಿ ಕಂಡಿತು. ಖಾಲಿ ಕುಂಡ ಚೀಲಕ್ಕೆ ಹಾಕಿಕೊಂಡು ಶಹಾಪುರದ ಬಸ್ಸು ಹತ್ತಿದ. ಅಲ್ಲಿ ಮುಜಫರ ಎಂಬುವನ ಸಸಿಗಳ ಅಂಗಡಿ ಇತ್ತು.

“ಅಡೇನಿಯಂ ಬೇಕ್ರಿ. ಬುಡ ಇಷ್ಟ್ ದಪ್ಪ ಇರಬೇಕು” ಎಂದು ಎರಡೂ ಕೈಯಲ್ಲಿ ಅಳತೆ ತೋರಿಸಿದ.

“ಸಿಗ್ತದ್ರಿ. ಎಲಿ ಇದ್ದದ್ದು ಕೊಡ್ಲೋ, ಇಲ್ಲದ್ದು ಕೊಡ್ಲೋ?”

“ಎಲಿ ಇಲ್ಲದ್ದು ತಗೊಂಡು ತಲಿ ಬಡ್ಕೊಳ್ಳಲೇನ್ರಿ? ಎಲಿನೂ ಇರಬೇಕು, ಹೂವೂ ಇರಬೇಕು.”

“ಮರ್ಜಿ ನಿಮ್ಮದು” ಎಂದು ಮುಜಫರ ಒಂದು ಮೂಲೆಗೆ ಸಾಲಾಗಿ ನಿಂತಿದ್ದ ಬೋಳು ಬುಡಗಳನ್ನು ದಾಟಿ ಒಳಗೆ ಹೋದ. ಹಿಂದಿನ ದಿನವಷ್ಟೇ ಹೈದರಾಬಾದಿನಿಂದ ಬಂದದ್ದೆಂದು ಒಂದು ಗಿಡ ತಂದು, ಇವನು ಒಯ್ದಿದ್ದ ಮೇಡಂ ಕುಂಡದಲ್ಲಿ ಕೂರಿಸಿದ. ಮೈತುಂಬ ಹಸಿರು ಎಲೆ, ತಲೆ ತುಂಬ ಗುಲಾಬಿ ಬಣ್ಣದ ಹೂ. ಭೀಮಾಶಂಕರನಿಗೆ ಅದನ್ನು ನೋಡಿ ಯಾದಗಿರಿಗೇ ಮುಟ್ಟಿದಷ್ಟು ಸಂತೋಷವಾಯಿತು.

ಆ ಸಂತೋಷ ಬಸ್ಸು ಹತ್ತುವ ತನಕ. ಕಂಡಕ್ಟರ್ ಕುಂಡವನ್ನು ಮೇಲಿಂದ ಕೆಳಗೆ ನೋಡಿ, “ಇದಕ್ಕ ಅರ್ಧ ಟಿಕೀಟು ಆಗ್ತದ” ಎಂದ. “ತೊಡಿ ಮ್ಯಾಲ ಕುಂತದಲ್ರಿ” ಎಂದು ಇವನು ವಾದಿಸುವಷ್ಟರಲ್ಲಿ ಪಕ್ಕದಲ್ಲಿದ್ದ, ಸಗರದಿಂದ ಮಗಳ ಮನೆಗೆ ಹೊರಟಿದ್ದ ಮುದುಕಿ ಕೈ ಚಾಚಿದಳು.

“ಯಣ್ಣಾ, ದೇವರಿಗೆ ಒಂದು ಹೂವು ಹರಕೊಳ್ಳಲೇನು?”

ದೇವರಿಗೆ ಬೇಡ ಅನ್ನುವ ಧೈರ್ಯ ಭೀಮಾಶಂಕರನಿಗೆ ಇರಲಿಲ್ಲ, ಅದೂ ಇಂಥ ದಿನ. ಕೊಟ್ಟ. ಹಿಂದಿನ ಸೀಟಿನವಳಿಗೂ ಮನೆಯಲ್ಲಿ ದೇವರಿದ್ದ. ಅವಳ ಪಕ್ಕದವಳ ಮನೆಯಲ್ಲಿ ಇಬ್ಬರಿದ್ದರು. ಒಬ್ಬ ಮದುಮಗಳು ಕೇಳಲೂ ಇಲ್ಲ, ಕಿತ್ತು ಮುಡಿದುಕೊಂಡು, “ವಾಸನಿನೇ ಇಲ್ಲಲ್ರೀ” ಎಂದು ಆಕ್ಷೇಪಿಸಿದಳು. ಸುರಪುರ ಬರುವ ಹೊತ್ತಿಗೆ ಇವನು ಗಿಡವನ್ನು ಅಂಗಿಯೊಳಗೆ ಮುಚ್ಚಿಕೊಂಡು, ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದ. ತುದಿಯಲ್ಲಿ ಎರಡು ಹೂ ಉಳಿದಿದ್ದವು.

ಸಂಜೆ ಮೇಡಂ ಕಾರು ಓಣಿಗೆ ಬಂತು. ಅಂಗಳದ ನಡುವೆ ಕುಂಡ, ಕುಂಡದ ಪಕ್ಕ ಭೀಮಾಶಂಕರ, ಅವನ ಹಿಂದೆ ಶಿವಬಸಮ್ಮ ಮತ್ತು ಖಾಸಿಂಬೀ. ಮೇಡಂ ಗಿಡ ನೋಡಿ ನಿಂತಲ್ಲೇ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹೂವನ್ನು ಬೆರಳಿನಿಂದ ಮುಟ್ಟಿದರು.

“ಭೀಮಾಶಂಕರ, ಏನ್ ಮಾಡಿದ್ರಿ ಇದಕ್ಕ?”

“ಏನೂ ಮಾಡಿಲ್ರಿ ಮೇಡಂ. ನೀರು ಸೈತ ಹಾಕಿಲ್ರಿ.”

“ಇಷ್ಟ್ ವರ್ಷ ಆತು ಇದು ನನ್ನ ಹತ್ರ ಬಂದು. ಚಳಿಗಾಲ ಬಂತಂದ್ರ ಎಲಿ ಪೂರಾ ಉದುರಿಸಿ, ಸತ್ತಂಗ ಬೋಳಾಗಿ ಮಲಗ್ತದ. ಯುಗಾದಿ ತನಕ ಏಳಂಗಿಲ್ಲ. ಅದರ ಜಾತಿನೇ ಹಂಗ. ಈಗೂ ಬೋಳೇ ಇರ್ತದ ಅಂತ ಬಂದೀನಿ. ನೀವು ಇಂಥ ಚಳ್ಯಾಗ ಎಬ್ಬಿಸಿ ಹೂವು ಬಿಡಿಸೀರಿ.”

ಭೀಮಾಶಂಕರನ ಕಿವಿಯಲ್ಲಿ ‘ಮಲಗ್ತದ’ ಎಂಬ ಒಂದೇ ಮಾತು ಗುಂಯ್‌ಗುಟ್ಟಿತು. ಅವನು ಹಿಂದಕ್ಕೆ ತಿರುಗಿ ನೋಡಿದ. ಶಿವಬಸಮ್ಮ ಮಾಳಿಗೆಯ ಕಡೆ ನೋಡುತ್ತಿದ್ದಳು, ಖಾಸಿಂಬೀ ತನ್ನ ಬಳೆ ಎಣಿಸುತ್ತಿದ್ದಳು.

“ಖರೇ ಹೇಳ್ತೀನಿ” ಎಂದರು ಮೇಡಂ, “ನಿಮ್ಮನ್ನ ಯಾದಗಿರಿಗೆ ಬಿಟ್ಟುಕೊಡೋದು ಅಂತ ಧಾರವಾಡದಾಗೇ ನಿಶ್ಚೆ ಮಾಡಿದ್ದೆ. ನಾಳೆನೇ ಕಳಿಸವಳಿದ್ದೆ. ಇದನ್ನ ನೋಡಿದ ಮ್ಯಾಲ ಮನಸ್ಸು ಬದಲಾತು. ಕಚೇರಿ ಮುಂದ ಕಡಿಮಿ ನೀರಿನ ತ್ವಾಟ ಮಾಡಬೇಕಂತ ಮ್ಯಾಲಿಂದ ಹೇಳ್ಯಾರ. ಇಂಥ ಕೈಗುಣ ಇದ್ದವರನ್ನ ಬಿಟ್ಟು ನಾ ಏನ್ ಮಾಡ್ಲಿ?”

ಭೀಮಾಶಂಕರನಿಗೆ ಸುಳ್ಳು ಹೇಳಿ ಕೆಟ್ಟೆ ಎಂಬುದು ತಿಳಿಯಿತು. ಇನ್ನು ನಿಜ ಹೇಳಿ ನೋಡೋಣ ಎಂದುಕೊಂಡ. “ಮೇಡಂ, ಇದು ನಿಮ್ಮ ಗಿಡ ಅಲ್ರಿ. ನಿಮ್ಮದು ಬಿದ್ದು ಒಡೀತ್ರಿ. ಇದನ್ನ ಇವತ್ತ ಶಹಾಪುರದಿಂದ ತಂದೀನ್ರಿ” ಎಂದು ಒಂದೇ ಉಸಿರಿನಲ್ಲಿ ಒದರಿದ.

ಮೇಡಂ ಜೋರಾಗಿ ನಕ್ಕರು. “ವರ್ಗಾವಣಿ ಸಲುವಾಗಿ ಜನ ಸುಳ್ಳು ಜಡ್ಡು ಹೇಳ್ಯಾರ, ಸುಳ್ಳು ಸಾವು ಹೇಳ್ಯಾರ. ಇಂಥದ್ದು ಯಾರೂ ಹೇಳಿರಲಿಲ್ಲ. ನನ್ನ ಕುಂಡ ನನಗ ಗುರ್ತು ಹತ್ತಂಗಿಲ್ಲೇನು?”

“ಚಾಚಿ, ನೀವಾದ್ರೂ ಹೇಳ್ರಿ. ಅಮ್ಮ, ನೀವು ಹೇಳ್ರಿ.”

ಹುಡುಗ ಹೆದರಿ ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಾನೆ ಎಂದು ಇಬ್ಬರಿಗೂ ಅನ್ನಿಸಿತು. ಇಂಥ ಹೊತ್ತಿಗೆ ಕೈಬಿಡುವ ಹೆಂಗಸರಲ್ಲ ಅವರು.

“ಎಲ್ಲಿದು ಶಹಾಪುರ್ರಿ ಮೇಡಂ? ಇವ ಮನಿ ಬಿಟ್ಟೇ ಹೋಗಿಲ್ಲ” ಎಂದಳು ಖಾಸಿಂಬೀ.

“ಕೂಸಿನಂಗ ಜ್ವಾಪಾನ ಮಾಡ್ಯಾನ್ರಿ” ಎಂದಳು ಶಿವಬಸಮ್ಮ. “ತಾ ಉಂಡಾನೋ ಇಲ್ಲೋ, ಗಿಡ ಬಿಟ್ಟು ಅತ್ತಿತ್ತ ಹೊಳ್ಳಿಲ್ಲ.”

ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿ ಕಾರು ಹತ್ತಿದರು. ಕುಂಡ ಒಳಗಿಡಲು ಹೋದ ಭೀಮಾಶಂಕರನನ್ನು ತಡೆದು, “ಇದು ನಿಮ್ಮ ಹತ್ರನೇ ಇರ್ಲಿ. ನಮ್ಮ ಮನ್ಯಾಗ ಇಂಥವೇ ಇನ್ನೂ ಭಾಳ ಅವ. ಅವೂ ಎಲ್ಲಾ ಬೋಳಾಗಿ ಮಲಗ್ಯಾವ. ನಾಳೆ ಟಂಟಂ ಗಾಡ್ಯಾಗ ಹಾಕಿ ಕಳಸ್ತೀನಿ, ಎಬ್ಬಸ್ರಿ” ಎಂದರು.

ಕಾರು ಓಣಿ ದಾಟುವ ಮೊದಲೇ ಅವನ ಫೋನು ರಿಂಗಾಯಿತು. ಬಸವೇಶ್ವರಿ.

“ಏನಾತ್ರೀ? ಮೇಡಂ ಸಿಟ್ಟಿಗೆದ್ರೇನು?”

“ಇಲ್ಲ.”

“ಖುಷಿ ಆದ್ರೇನು ಮತ್ತ?”

“ಭಾಳ ಖುಷಿ ಆಗ್ಯಾರ” ಎಂದ ಭೀಮಾಶಂಕರ. “ಅದಕ್ಕೇ ಬಿಡವಲ್ರು.”