ಅಂಗಾಲಿನಿಂದ ಯೋಚಿಸುವ ಕಾಕಾ

ಲೋಕದ ಜನರೆಲ್ಲ ತಲೆಯಿಂದ ಯೋಚನೆ ಮಾಡಿದರೆ ನಮ್ಮ ಕಾಕಾ ಅಂಗಾಲಿನಿಂದ ಮಾಡುತ್ತಾರೆ. ನಂಬುವುದಿಲ್ಲವೇ? ಶ್ರಾವಣದಿಂದ ಈಚೆಗೆ ಅವರ ಹಿಂದೆ ತಿರುಗಿ ತಿರುಗಿ ನನ್ನ ತಲೆಯೂ ಈಗ ಕಾಲಿಗೆ ಇಳಿದಿದೆ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಪಾರ್ಸೆಲ್ ಆಫೀಸು. ಪುಣೆಯಿಂದ ಕಲಬುರಗಿ ಕಡೆಗೆ ಹೋಗುವ ಗಂಟುಮೂಟೆಗಳು ಅಲ್ಲಿಂದ ಹೊರಡುತ್ತವೆ. ನಾನು ನೆಲ ಹಾಸುವವನು. ಶಾಲೆಯನ್ನು ಬೇಗ ಬಿಟ್ಟೆ, ಕೆಲಸವನ್ನು ಇಂದಿಗೂ ಬಿಟ್ಟಿಲ್ಲ. ಧನಕವಡಿಯಿಂದ ಕ್ಯಾಂಪಿನವರೆಗೆ ನಾನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಉರುಳುವುದಿಲ್ಲ. ಇದು ಬಡಾಯಿಯಲ್ಲ, ಬೇಕಾದರೆ ಗೋಲಿ ತನ್ನಿ. ಕಾಕಾನ ಆಫೀಸಿಗೂ ಶಹಾಬಾದ್ ಫರಸಿ ಹಾಕಿದವನು ನಾನೇ. ನಮ್ಮ ಸೀಮೆಯ ಕಲ್ಲು, ನನ್ನ ಕೈಯ ಕೆಲಸ!

ಒಂದು ದಿನ ಅವರ ಫೋನು ಬಂತು.

"ಲೇ ತಮ್ಮಾ, ನಿನ್ನ ಫರಸಿ ಕಿತ್ತು ಹಾಕು."

"ಯಾಕ್ರಿ ಕಾಕಾ? ಎಲ್ಲಿ ಒಡದಾವ?"

"ಒಡದಿಲ್ಲ, ಅದ ತಪ್ಪಾಗೇದ. ಭಾಳ ಗಟ್ಟಿ ಅದ."

ಕಲ್ಲು ಗಟ್ಟಿ ಇರದೆ ಇಡ್ಲಿಯಂತಿರಬೇಕೇ!

ಸಿಟ್ಟಿನಿಂದಲೇ ಹೋದೆ. ಹೋದಮೇಲೆ ಸಂಗತಿ ತಿಳಿಯಿತು. ಆ ಆಫೀಸಿನ ಕೌಂಟರಿನಲ್ಲಿ ಮೊದಲ ದಿನದಿಂದ ನಿಂತು ರಸೀದಿ ಬರೆಯುವ ಒಬ್ಬ ಮರಾಠಿ ಹೆಂಗಸಿದ್ದಾರೆ. ಕಾಕಾನಿಗಿಂತ ಹಿರಿಯರು, ಎಲ್ಲರಿಗೂ ಮಾವಶಿ, ಎಂದರೆ ಚಿಕ್ಕಮ್ಮ. ಸಂಜೆಗೆ ಪಾದ ಬಾತುಕೊಳ್ಳುತ್ತವೆ, ದೀಪಾವಳಿಗೆ ಕೆಲಸ ಬಿಡುತ್ತೇನೆ ಎಂದು ಅವರು ಹೇಳಿಬಿಟ್ಟಿದ್ದರು. ಮಾವಶಿಗೂ ಕಾಕಾನಿಗೂ ದಿನಾ ಜಗಳ. ಅವರು ಮರಾಠಿಯಲ್ಲಿ ಬೈಯುತ್ತಾರೆ, ಇವರು ಕನ್ನಡದಲ್ಲಿ ಬೈಯುತ್ತಾರೆ, ಒಬ್ಬರದು ಒಬ್ಬರಿಗೆ ಪೂರಾ ತಿಳಿಯುತ್ತದೆ.

"ಹಂಗಾರ ಹೋಗ್ಲಿ ಬಿಡ್ರಿ, ನಿಮಗ ಶಾಂತಿ" ಎಂದೆ.

"ಹುಚ್ಚಪ್ಪ! ಆಕಿ ಹೋದ್ರ ನಾ ಯಾರ ಜೋಡಿ ಜಗಳಾಡ್ಲಿ?"

"ಬಿಡಬ್ಯಾಡ್ರಿ ಅಂತ ಬಾಯಿಬಿಟ್ಟು ಹೇಳ್ರಲಾ."

"ಮಾಲಕ ಆದಾಂವಗ ಹಂಗ ಹೇಳಾಕ ಬರ್ತದೇನು? ನೆಲ ಹೇಳಬೇಕು."

ನೆಲ ಹೇಗೆ ಹೇಳುತ್ತದೆ? ನನಗೆ ಅರ್ಥವಾಗಲಿಲ್ಲ. ಆದರೂ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕ್ಯಾಂಪಿನ ಅಂಗಡಿಗೆ ಹೋದೆ. ಟೈ ಕಟ್ಟಿದ ಸೇಲ್ಸ್‌ಮನ್ ಕಂಫರ್ಟು, ವೆಲ್‌ನೆಸ್ಸು, ಇನ್ನೂ ಏನೇನೋ ಹೇಳಿದ. ಆಫೀಸಿನ ನೆಲದ ಬಗ್ಗೆ ಹೇಳುತ್ತಿದ್ದಾನೋ, ದವಾಖಾನೆಗೆ ಸೇರಿಸುತ್ತಿದ್ದಾನೋ! ನಾನು ತಲೆಯಾಡಿಸಿದೆ. ಕಾಕಾ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಒಂದೊಂದು ತುಂಡಿನ ಮೇಲೂ ನಿಂತು ಅಂಗಾಲಿನ ಅಭಿಪ್ರಾಯ ಕೇಳಿದರು. ಕೊನೆಗೆ ಒಂದು ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು.

"ಕಾಯ್ ಝಾಲಂ ಹೋ ತ್ಯಾಂನಾ?" ಸೇಲ್ಸ್‌ಮನ್ ಗಾಬರಿಯಾಗಿ ಏನಾಯಿತೆಂದು ಕೇಳಿದ.

ಯೋಚನೆ ಮಾಡುತ್ತಿದ್ದಾರೆ ಎಂದೆ. ಅಷ್ಟರಲ್ಲಿ ಯೋಚನೆ ಗೊರಕೆ ಹೊಡೆಯತೊಡಗಿತು.

ಅದೇ ಕಾರ್ಪೆಟ್ಟನ್ನು ತಂದು ನನ್ನ ಫರಸಿಯ ಮೇಲೆ ಹಾಸಿದೆವು. ಎಷ್ಟು ಮೆತ್ತಗೆ, ಎಷ್ಟು ಚೊಕ್ಕ! ಅದರ ಮೇಲೆ ಚಪ್ಪಲಿ ಕಾಲಿಡಲು ನಮ್ಮ ಜನಕ್ಕೆ ಮನಸ್ಸು ಬರುತ್ತದೆಯೇ? ಹಮಾಲರು ಬಿಟ್ಟರು, ಗಿರಾಕಿಗಳು ಬಿಟ್ಟರು. ಮೆಟ್ಟಿಲ ತುಂಬ ಚಪ್ಪಲಿಯ ರಾಶಿ. ಅದನ್ನು ನೋಡಿ ಮೇಲಿನ ಮಾಳಿಗೆಯ ವಕೀಲರು ಕೆಳಗಿಳಿದು ಬಂದು, ಕೈಮುಗಿದು, ಮೂಟೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಆರತಿ ಯಾವಾಗ ಎಂದು ಕೇಳಿದರು! ಅವರ ಹಿಂದೆಯೇ ಬಂದ ಒಬ್ಬ ಅಜ್ಜಿ ತೆಂಗಿನಕಾಯಿಯನ್ನು ತೂಕದ ಕಾಂಟಾದ ಮೇಲಿಟ್ಟು ನಮಸ್ಕಾರ ಮಾಡಿದಳು. ಮಾವಶಿ ರೂಢಿಯಂತೆ ಅದಕ್ಕೊಂದು ರಸೀದಿ ಹರಿದುಕೊಟ್ಟರು. ಕಾಕಾ ಹೋಟೆಲಿನಿಂದ ಶಿರಾ ತರಿಸಿ ಪ್ರಸಾದವೆಂದು ಎಲ್ಲರಿಗೂ ಹಂಚಬೇಕಾಯಿತು.

ಕಾರ್ಪೆಟ್ ಹೋಯಿತು, ರಬ್ಬರ್ ಬಂತು. ಮೂಟೆ ಹೊತ್ತ ಕೈಗಾಡಿ ಕೆಸರಿನಲ್ಲಿ ಸಿಕ್ಕ ಎಮ್ಮೆಯಂತೆ ಅಲ್ಲೇ ನಿಂತಿತು. ಹೊಸ ಟೈರಿನ ವಾಸನೆಗೆ ಎಲ್ಲರಿಗೂ ತಲೆನೋವು.

"ಮಾವಶಿ ಈಗ ಕಾಲಿನ ಸುದ್ದೀನ ತೆಗಿಯಂಗಿಲ್ಲ, ನೋಡಿದೇನು?" ಎಂದು ಕಾಕಾ ಬೀಗಿದರು.

ಆದರೆ ದೀಪಾವಳಿ ಹತ್ತಿರ ಬರುತ್ತಿತ್ತು, ಮಾವಶಿಯ ಮಾತು ಬದಲಾಗಿರಲಿಲ್ಲ. ಇನ್ನು ಮರದ ಹಲಗೆಯೇ ಗತಿ, ಫರಸಿ ಒಡೆ ಎಂದರು ಕಾಕಾ. ನಾನು ಸುತ್ತಿಗೆ ಹಿಡಿದು ಹೋದೆ. ನನ್ನ ಕೈಯಿಂದಲೇ ನನ್ನ ಕೆಲಸ ಒಡೆಯುವುದು! ತಡೆಯಲಾರದೆ ಮಾವಶಿಯನ್ನೇ ಕೇಳಿದೆ, ಮರ ಹಾಕಿದರಾದರೂ ಇರುತ್ತೀರಾ ಎಂದು. ದಿನವಿಡೀ ನಿಂತೇ ಇರುವವಳಿಗೆ ಮರವಾದರೇನು, ಹತ್ತಿಯಾದರೇನು ಎಂದರು ಅವರು.

ನಿಲ್ಲುವುದು ಯಾಕೆ? ಕೌಂಟರಿನ ಹಿಂದೆ ಎರಡು ಎತ್ತರದ ಸ್ಟೂಲುಗಳಿದ್ದವು. ಅವುಗಳ ಮೇಲೆ ಪಾರ್ಸೆಲ್ ಪೇರಿಸಿದ್ದರು, ಅಷ್ಟೇ.

"ಇವ ಅದಾವಲ್ರಿ, ಕುಂಡ್ರಬಾರದೇನ್ರಿ?"

ಮಾವಶಿ ನನ್ನನ್ನು ತಿಳಿಗೇಡಿಯಂತೆ ನೋಡಿದರು. "ಸೇಠ್ ಉಭೇ ಆಹೇತ್, ಮಗ ಮೀ ಕಶೀ ಬಸೂ?" ಮಾಲಕ ನಿಂತಿರುವಾಗ ನಾನು ಹೇಗೆ ಕೂರಲಿ?

ಕಾಕಾನ ಕಡೆ ತಿರುಗಿದೆ.

"ನನ್ನ ಯಾಕ ನೋಡ್ತಿ? ಆಕಿ ನನಗಿಂತ ಹಿರೇಳು. ಹಿರೇರು ನಿಂತಾಗ ನಾ ಹೆಂಗ ಕುಂಡ್ರಲಿ?"

ದೇವರೇ! ಇಷ್ಟು ವರ್ಷ ಇಬ್ಬರೂ ಮರ್ಯಾದೆಗೆ ನಿಂತಿದ್ದರೇ?

ಕುಂಡ್ರಿ ಅಂದರೆ ಅಲ್ಲಿಯೂ ಜಗಳ. "ತುಮ್ಹೀ ಆಧೀ!" "ನೀವ ಮೊದ್ಲ!" ಗಿರಾಕಿಗಳು ಮೂಟೆ ಹಿಡಿದು ನೋಡುತ್ತ ನಿಂತರು. ಕಡೆಗೆ ಕಾಕಾ ಧಪ್ಪೆಂದು ನೆಲದ ಮೇಲೆಯೇ ಕಾಲು ಚಾಚಿ ಕೂತುಬಿಟ್ಟರು.

"ನಾ ಕುಂತೆ. ಇನ್ನ ನೀವೂ ಕುಂಡ್ರಿ." ಆಮೇಲೆ, ನೆಲದತ್ತ ನೋಡಿಕೊಂಡು, "ಬಿಟ್ಟು ಹೋಗಬ್ಯಾಡ್ರಿ" ಎಂದರು.

ಮಾವಶಿ ಪಾರ್ಸೆಲ್ ಕೆಳಗಿಳಿಸಿ ಸ್ಟೂಲಿನ ಮೇಲೆ ಕೂತರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮುಂದಿನ ಗಿರಾಕಿಯನ್ನು ಜೋರಾಗಿ ಕರೆದರು.

"ಕೈ ಕೊಡಲೇ" ಎಂದು ಕಾಕಾ ನನ್ನತ್ತ ಕೈ ಚಾಚಿದರು. ಅವರನ್ನು ಎತ್ತಿ ಇನ್ನೊಂದು ಸ್ಟೂಲಿಗೆ ಕೂರಿಸಲು ಬಗ್ಗಿದಾಗ ಅವರ ಪಾದ ಕಂಡೆ. ಉಬ್ಬಿದ ಪಾದದಲ್ಲಿ ಚಪ್ಪಲಿಯ ಪಟ್ಟಿ ಆಳಕ್ಕೆ ಇಳಿದಿತ್ತು.

"ಕಾಕಾ, ನಿಮ್ಮವೂ ಬಾತಾವಲ್ರಿ!"

"ಸುಮ್ನಿರಲೇ" ಎಂದು ಪಿಸುಗುಟ್ಟಿದರು. "ಆಕಿಗೆ ಕೇಳಸ್ತದ."