ಅಗಲದ ಲೆನ್ಸು, ಸಣಕಲ ಅಳಿಯ

ಟೂರಿಂಗ್ ಟಾಕೀಜಿನಾಗ ಮಸೀನ ನಡಸಾಂವಗ ಪಡದಾದ ಮ್ಯಾಲಿನ ಪಿಚ್ಚರ್ ನೋಡಾಕ ಪುರಸೊತ್ತ ಎಲ್ಲಿ ಸಿಗಬೇಕ್ರಿ? ಪಡದಾದ ಈಚಿ ಕಡೆನ ದಿನಾ ಒಂದ ಪಿಚ್ಚರ್ ಪುಕ್ಕಟ ನಡದಿರತಿತ್ತು. ನಾ ಬ್ಯಾಡ ಬ್ಯಾಡ ಅಂದ್ರೂ ಅದರಾಗ ನನಗೊಂದ ಪಾರ್ಟು ಇದ್ದೇ ಇರತಿತ್ತು.

ಎಪ್ಪತ್ತರ ದಶಕ ಮುಗಿಯೂ ಹೊತ್ತಿನ ಮಾತಿದು. ನಮ್ಮ ಟೆಂಟು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಊರೂರು ಸುತ್ತತಿತ್ತು. ಆ ವರ್ಷ ನಮ್ಮ ಮಾಲಕನ ತಲ್ಯಾಗ ಸ್ಕೋಪ್ ಪಿಚ್ಚರಿನ ಹುಳ ಹೊಕ್ಕತು. ಸ್ಕೋಪ್ ಅಂದ್ರ ಅಗಲ ಪಡದಾದ ಪಿಚ್ಚರು. ಅದರ ರೀಲಿನಾಗ ಮಂದಿನ್ನ ಎರಡೂ ಬಾಜೂದಿಂದ ಹಿಚುಕಿ ತುಂಬಿರತಾರ. ಬರೀ ಹಂಗ ಬಿಟ್ರ ಎಲ್ಲಾರೂ ಜ್ವಾಳದ ದಂಟಿನಂಗ ಕಾಣತಾರ. ಮಸೀನಿನ ಮುಂದ ಒಂದು ಬ್ಯಾರೆ ಲೆನ್ಸು ಕೂಡಸಬೇಕು, ಅದು ಅವರನ್ನ ಅಗಲ ಮಾಡಿ ಮನಷಾರಂಗ ತೋರಸತೈತಿ. ಮಾಲಕ ಆ ಲೆನ್ಸು ತಂದ. ಕೂಡಸಾಂವ ಯಾರು? ನಾನು.

ಅದ ಹೊತ್ತಿನಾಗ ನನಗ ಕೊಲ್ಹಾರದಾಗ ಒಂದು ಕನ್ಯಾ ನೋಡಿದ್ರು. ಮೊಸರ ಮಾರೋ ಮನಿತನ. ಹುಡುಗಿ ಅಂತೂ ನನ್ನ ಮನಸಿಗೆ ಹಂಗ ಕುಂತ ಬಿಟ್ಲು. ಆದ್ರ ಆಕಿ ಅಪ್ಪ ಇದ್ನಲ್ಲ, ಬಾಗಲದಾಗ ನಿಂತ್ರ ಒಳಗ ಬೆಳಕ ಬರತಿದ್ದಿಲ್ಲ, ಅಂಥಾ ಆಳು. ನನ್ನನ್ನ ನೆತ್ತಿಯಿಂದ ಹಿಮ್ಮಡದ ತನಕ ನೋಡಿ ಕೇಳಿದ, 'ಏನ ಉಣ್ತೀಯೋ ತಮ್ಮಾ?'

'ಎರಡೂ ಹೊತ್ತು ರೊಟ್ಟಿ ಉಣ್ತೇನ್ರಿ.'

'ಮತ್ತ ಅದು ಎಲ್ಲಿ ಹೋಗತೈತಿ?'

ನನ್ನ ತೋಳ ಹಿಡದು ನೋಡಿ ಅಂವನ ಅಂದ, 'ನಮ್ಮ ಮನಿ ಬೆಕ್ಕು ನಿನಗಿಂತ ಗಟ್ಟಿ ಐತಿ. ಈ ಧಂದೆ ಹೊಟ್ಟಿ ತುಂಬಸಂಗ ಕಾಣಂಗಿಲ್ಲ ನನಗ. ನಿಮ್ಮ ಟೆಂಟು ಬಾಗೇವಾಡಿಗೆ ಬರ್ಲಿ. ನಾನ ಬಂದು ಒಂದ ಆಟ ನೋಡ್ತೇನಿ. ಆಮ್ಯಾಲ ಹೂಂ ಅನ್ನೂದೋ ಊಹೂಂ ಅನ್ನೂದೋ ನೋಡೂಣು.'

ಅಂದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ ಮುಗಿಯೂದ್ರಾಗ ಆ ಲೆನ್ಸು ನೆಟ್ಟಗ ಕುಂದ್ರಬೇಕು. ಇಲ್ಲಾಂದ್ರ ನನ್ನ ಲಗ್ನದ ಕತಿ ಅಲ್ಲಿಗೆ ಮುಗೀತು.

ವಿಭೂತಿ

ಇಂಡ್ಯಾಗ ಲೆನ್ಸು ಕೂಡಸೂದಿತ್ತು. ಮಾಲಕ ಹೊರ್ತಿ ಊರಾಂವ. ಹೊಸಾ ಮಸೀನು ಪೂಜಿ ಇಲ್ಲದ ನಡೀಬಾರದು ಅಂತೇಳಿ ಅವರವ್ವ ಹೊರ್ತಿಯಿಂದ ಕಾಯಿ, ಕರಪುರ, ವಿಭೂತಿ, ಒಂದ ಚೀಲ ಲಿಂಬಿಹಣ್ಣ ಸುದ್ದಾ ತಗೊಂಡ ಬಂದ್ಲು. ನಾನು ಮಸೀನಿನ ದೀಪಕ್ಕ ಬೇಕಾಗೂ ಕಾರ್ಬನ್ ಕಡ್ಡಿ ತರಾಕ ಹೊರಗ ಹೋಗಿದ್ದೆ. ಬಂದ ನೋಡಿದ್ರ ಪೂಜಿ ಮುಗದಿತ್ತು, ಎಲ್ಲಾರೂ ಕೊಬ್ಬರಿ ತಿನ್ನಾಕತ್ತಿದ್ರು. ಹೊತ್ತಾಗೇತಿ ಅಂತ ಗಡಬಡಿಸಿ ಆಟ ಸುರು ಮಾಡಿದೆ.

ಪಡದಾದ ಮ್ಯಾಲೆ ಏನೂ ಸ್ವಚ್ಛ ಇಲ್ಲ. ಹೊಲ, ಮನಿ, ಹೀರೋ ಎಲ್ಲಾ ಬೆಳ್ಳಗ ಮಬ್ಬು. ಮುಂದ ಕುಂತಾಂವ ಒಬ್ಬ ಒದರಿದ, 'ಹೊಗಿ ಬರಾಕತ್ತೈತ್ರೋ! ಟೆಂಟಿಗೆ ಬೆಂಕಿ ಬಿತ್ತು!' ಮುಗೀತು. ಬಾಗಲಾ ಯಾವದು, ಬಾಜೂದ ಕನಾತಿನ ಅರಬಿ ಯಾವದು ನೋಡಲಿಲ್ಲ, ಸಿಕ್ಕ ಸಿಕ್ಕಲ್ಲಿ ತೂರಿ ಅರ್ಧಾ ಟೆಂಟು ಖಾಲಿ ಆತು.

ನಾ ಬಗ್ಗಿ ನೋಡಿದ್ರ, ಲೆನ್ಸಿನ ಕಾಚಿನ ಮ್ಯಾಲೆ, ಅಂದ್ರ ಗಾಜಿನ ಮ್ಯಾಲೆ, ಮೂರು ಬಟ್ಟು ವಿಭೂತಿ. ದಪ್ಪಗ, ಭಕ್ತಿಯಿಂದ ಹಚ್ಚಿದ್ದು.

'ಅವ್ವಾರ, ಇದನ್ಯಾಕ ಕಾಚಿಗೆ ಹಚ್ಚಿದ್ರಿ?'

'ಮತ್ತ ಹಣಿಗಲ್ಲದ ಬೆನ್ನಿಗೆ ಹಚ್ತಾರೇನು? ಅದರ ಮಾರಿ ಅದ ಅಲ್ಲೇನು?'

ಒರಸಾಕ ಅರಬಿ ಎತ್ತಿದ್ರ ಕೈ ಹಿಡದ್ಲು. ಪೂಜಿ ಮಾಡಿದ ವಿಭೂತಿ ಅರಬಿಗೆ ಒರಸಬಾರದಂತ. ಕಡೀಕ ಒಪ್ಪಂದ ಆತು: ಲೆನ್ಸಿನ ಮ್ಯಾಲಿಂದು ತಗದು ನನ್ನ ಹಣಿಗೆ ಹಚಗೋಬೇಕು. ಮೂರೂ ಬಟ್ಟು ಹಚಗೊಂಡೆ.

ಅತ್ತ ಮಾಲಕ ಹೊರಗ ನಿಂತು ಮಂದೀಗೆ ಕೈ ಮುಗದು ಒದರಾಕತ್ತಿದ್ದ, 'ಬರ್ರೋ ಯಪ್ಪಾ, ಬೆಂಕಿ ಅಲ್ಲ! ಅದು ವಿಭೂತಿ, ವಿಭೂತಿ!'

ವಿಭೂತಿ ಅಂದದ್ದ ತಡ, ಓಡಿ ಹೋಗಿದ್ದ ಮಂದಿ ಎಲ್ಲಾ ಚಪ್ಪಲಿ ಹೊರಗ ಬಿಟ್ಟು, ಕೈ ಮುಗಕೋತ ಒಳಗ ಬಂದ್ರು.

ಮಾಸ್ತರ ಧೋತರ

ಸಿಂದಗ್ಯಾಗ ಗೊತ್ತಾತು, ಲೆನ್ಸು ಅಗಲ ಇದ್ರ ಸಾಲದು, ಪಡದಾನೂ ಅಗಲ ಬೇಕು ಅಂತ. ನಮ್ಮ ಹಳೇ ಪಡದಾ ಸಾಕಾಗಲಿಲ್ಲ. ಪಿಚ್ಚರು ಎರಡೂ ಕಡೆ ಉಕ್ಕಿ ಹರೀತು. ಹೀರೋ ಎಡಗಡೆ ಕನಾತಿನ ಮ್ಯಾಲೆ, ಹೀರೋಯಿನ್ ಬಲಗಡೆ ಕನಾತಿನ ಮ್ಯಾಲೆ, ನಡುವ ಪಡದಾದಾಗ ಒಂದು ಖಾಲಿ ಕುರ್ಚಿ. ಇಬ್ಬರೂ ಆ ಕುರ್ಚಿ ಮುಂದ ಪ್ರೀತಿ ಮಾತಾಡಾಕತ್ತಿದ್ರು.

ಹೊಸಾ ಪಡದಾ ಹೊಲಿಸ್ರಿ ಅಂದ್ರ ಮಾಲಕ ಕೇಳಬೇಕಲ್ಲ? ಬಾಜೂಕ ಅಗಸರಾಂವ ಇದ್ದ, ಅವನ ಕಡೆಯಿಂದ ಎರಡು ಬಿಳೇ ಧೋತರ ತಂದು ಪಡದಾದ ಎರಡೂ ಬಾಜೂಕ ಹೊಲಿಸಿ ಬಿಟ್ಟ. ಯಾರ ಧೋತರ ಅಂತ ಅಂವಾ ಕೇಳಲಿಲ್ಲ, ಇಂವಾ ಹೇಳಲಿಲ್ಲ.

ಮಾರನೇ ದಿನಾ ಆಟ ಭಾಳ ಚಲೋ ನಡದಿತ್ತು. ಹೀರೋಯಿನ್ ಬಲಗಡೆ ತುದ್ಯಾಗ ಕುಂತು ಗಳಗಳಾ ಅಳಾಕತ್ತಿದ್ಲು. ಇಡೀ ಟೆಂಟು ಕಣ್ಣು ಮೂಗು ಒರಸಕೋಳಾಕತ್ತಿತ್ತು. ಅಷ್ಟರಾಗ ಕುರ್ಚಿ ಸಾಲಿನಾಗ ಕುಂತಿದ್ದ ಸಾಲಿ ಮಾಸ್ತರ ಎದ್ದ ನಿಂತ್ರು. 'ತಡೀರಿ ತಡೀರಿ! ಆಕಿ ಗದ್ದದ ಕೆಳಗ ನೀಲಿ ಶಾಯಿ ಕಲೆ ಐತಲ್ಲ, ಅದು ನನ್ನ ಧೋತರ!'

ದುಡು ದುಡು ಹೋಗಿ ಹೊಲಿಗಿ ಬಿಚ್ಚಾಕ ನಿಂತ್ರು. ಮಾಲಕ ಓಡಿ ಹೋಗಿ ಕೈ ಹಿಡಕೊಂಡ. 'ಮಾಸ್ತರ, ದಯಮಾಡಿ ಬಿಡ್ರಿ. ಹೀರೋಯಿನ್ ಮರ್ಯಾದಿ ಪ್ರಶ್ನೆ ಐತ್ರಿ!'

'ನನ್ನ ಮರ್ಯಾದಿ ಏನ ಆತು? ನಾಳಿ ಲಗ್ನಕ್ಕ ಹೋಗೂದೈತಿ. ಏನ ಉಟಗೊಂಡ ಹೋಗ್ಲಿ, ನಿನ್ನ ಪೋಸ್ಟರು?'

ಮಂದಿ ಎಲ್ಲಾ ಮಾಸ್ತರಿಗೆ ಬೈಯಾಕ ಹತ್ತಿದ್ರು, 'ಆಕಿ ಅತ್ತು ಮುಗಸಲಿ ತಡೀರಿ ಸರ!' ಅಂತ. ಪಾಪ, ಮಾಸ್ತರು ಧೋತರದ ಬುಡಕ್ಕ ಕಾವಲ ಕುಂತು, ಆಟ ಮುಗದ ಕೂಡಲೇ ಬಿಚಗೊಂಡ ಹ್ವಾದ್ರು.

ಆದ್ರ ಸಿಂದಗಿ ಮಂದಿ ಬಿಡಬೇಕಲ್ಲ? ಮಾರನೇ ದಿನಾ ಲಗ್ನದ ಪಂಕ್ತ್ಯಾಗ ಮಾಸ್ತರ ಕುಂತ ಕೂಡಲೇ ಬಾಜೂದಾಂವ ಧೋತರ ಮುಟ್ಟಿ ನೋಡಿ ಕೇಳಿದನಂತ, 'ಸರ, ಇನ್ನೂ ಹಸೀ ಐತಲ್ರಿ? ನಿನ್ನೆ ಭಾಳ ಅತ್ಲು ಅನಸ್ತೈತಿ.'

ವಾರಿ ಕುತ್ತಿಗಿ

ಒಂದ ಮಾತು ಹೇಳೂದು ಬಿಟ್ಟೆ. ಆ ಲೆನ್ಸು ನಮ್ಮ ಹಳೇ ಮಸೀನಿಗೆ ಸರೀ ಕುಂದ್ರತಿದ್ದಿಲ್ಲ, ಸಡ್ಲ ಆಗತಿತ್ತು. ನಾನು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ಬಿಗದಿದ್ದೆ. ಟ್ಯೂಬು ಕಾದು ಮೆತ್ತಗ ಆದ್ರ ಲೆನ್ಸು ಮೆಲ್ಲಕ ತಿರಗತಿತ್ತು. ಲೆನ್ಸು ತಿರಗಿದ್ರ ಪಡದಾದ ಮ್ಯಾಲಿನ ಮಂದಿ ವಾರಿ ಆಗಿ ಒಂದ ಕಡೆ ವಾಲತಿದ್ರು. ಬಾಗೇವಾಡ್ಯಾಗ ಹಿಂಗಾದ್ರ ನನ್ನ ಕತಿ ಏನು ಅಂತ ನನಗ ರೊಟ್ಟಿ ಸೇರತಿದ್ದಿಲ್ಲ. ಅದರಿಂದ ಇನ್ನಷ್ಟು ಸಣ್ಣ ಆಗಾಕತ್ತಿದ್ದೆ.

ಮುದ್ದೇಬಿಹಾಳದಾಗ ಹಂಗ ಆತು. ಹೀರೋ, ಅವರವ್ವ, ಎಮ್ಮಿ, ಗುಡಿ ಎಲ್ಲಾ ಎಡಕ್ಕ ವಾಲಿ ನಿಂತ್ರು. ನಾನು ಕ್ಯಾಬಿನಿನ ಕಿಂಡ್ಯಾಗ ನೋಡತೇನಿ, ಮಂದಿ ಬೈಯೂ ಮೊದಲ ತಾವೂ ಎಡಕ್ಕ ವಾಲಿ ನೋಡಾಕತ್ತಾರ! ಒಬ್ಬರ ಹೆಗಲ ಮ್ಯಾಲೆ ಒಬ್ಬರು. ತುದೀಗೆ ಕುಂತಾಂವಗ ಆಸರ ಇಲ್ಲ, ಅಂವಾ ಬಿದ್ದ, ಅವನ ಹಿಂದ ಇಡೀ ಬೆಂಚು ಬಿತ್ತು. ಆಮ್ಯಾಲ ಸೀಟಿ, ಬೈಗಳ, 'ಏ ಆಪರೇಟರ, ಕುಡದೀ ಏನಲೇ?' ಅಂತ ಗದ್ಲ.

ಈ ಗದ್ಲದಾಗ ನಡುವ ಒಬ್ಬ ಮುದುಕ ಮಾತ್ರ ಕೈ ಕಟಗೊಂಡು ಸುಮ್ಮ ಕುಂತಿದ್ದ. ಅಡತಿ ಅಂಗಡ್ಯಾಗ ಚೀಲ ಇಳಿಸೂವಾಗ ಅವನ ಕುತ್ತಿಗಿ ಹಿಡದು ವಾರಗಟ್ಲೆ ಎಡಕ್ಕ ವಾಲೇ ಇತ್ತಂತ. ಅಂವಾ ಸಿಟ್ಟಿಲೆ ಒದರಿದ, 'ಯಾಕ ಬಾಯಿ ಮಾಡ್ತೀರೋ? ಸರೀ ಐತಲ್ಲ! ಇಷ್ಟ ದಿನದಾಗ ಇವತ್ತ ಒಂದ ನೆಟ್ಟಗ ಕಾಣಾಕತ್ತೈತಿ!'

ನಾನು ಲೆನ್ಸು ತಿರುವಿ ಸರೀ ಮಾಡಿದೆ. ಮಂದಿ ಚಪ್ಪಾಳಿ ಹೊಡದ್ರು. ಮುದುಕ ಎದ್ದು, ನನ್ನ ಕ್ಯಾಬಿನಿನ ಬಾಗಲಕ್ಕ ಬಂದು, ವಾರೀಲೆ ನನ್ನ ನೋಡಿ ಅಂದ, 'ತಮ್ಮಾ, ಚಲೋ ಇದ್ದದ್ದು ಕೆಡಿಸಿದೆಲ್ಲೋ.'

ಬೀಗರ ಮುಂದ

ಬಾಗೇವಾಡಿಗೆ ಬರೂದ್ರಾಗ ಎಲ್ಲಾ ಜೋಡಿಸಿ ಬಿಟ್ಟಿದ್ದೆ. ಕಮ್ಮಾರನ ಕಡೆಯಿಂದ ಕಬ್ಬಣದ ಬಳಿ ಮಾಡಿಸಿ ಲೆನ್ಸು ಬಿಗದೆ. ಪಡದಾ ಹೊಸಾದು ಹೊಲಿಸಿದ್ವಿ. ಕಾಚು ನಾನ ಒರಸಿ, ಯಾರೂ ಕರಪುರ ಹಿಡಕೊಂಡ ಹಂತ್ಯಾಕ ಬರದಂಗ ಕಾವಲ ಕುಂತೆ. ಚಕ್ಕಡಿಗೆ ಮೈಕ್ ಕಟ್ಟಿ ಊರೆಲ್ಲಾ ಸಾರಿದ್ವಿ, 'ಹೊಸಾ ಲೆನ್ಸು! ಅಗಲ ಪಡದಾ! ಬರ್ರಿ, ನೋಡ್ರಿ!'

ಕೊಲ್ಹಾರದಿಂದ ಮಾವ ಆಗಾಂವ ಬಂದ. ಸಂಗಾಟ ಹೆಂಡ್ತಿ, ಮಗಳು, ಒಂದ ಗಡಿಗಿ ಮೊಸರು. ಮಾಲಕ ಅವನನ್ನ ಕುರ್ಚಿ ಮ್ಯಾಲೆ ಕುಂದ್ರಿಸಿದ. ಕುರ್ಚಿ ಸಣ್ಣದಾತು, ಬೆಂಚ್ ತರಸಿದ. ಹೆಣ್ಣಮಕ್ಕಳು ಆ ಕಡೆ ಕುಂತ್ರು.

ಬಸ್ಸಿನಾಗ ಬಂದ ರೀಲಿನ ಡಬ್ಬಿ ಬಿಚ್ಚಿದೆ. ಬರಬೇಕಾಗಿದ್ದು ಹೊಸಾ ಸ್ಕೋಪ್ ಪಿಚ್ಚರು, ಬಂದದ್ದು ಯಾವದೋ ಕಾಲದ ದೇವರ ಪಿಚ್ಚರು. ಅದರ ರೀಲಿನಾಗ ಮಂದಿನ್ನ ಹಿಚುಕಿಲ್ಲ, ಇದ್ದಂಗ ಅದಾರ. ಅದಕ್ಕ ಈ ಲೆನ್ಸು ಹಾಕಿದ್ರ ಏನಾಗತೈತಿ ನೀವ ಹೇಳ್ರಿ.

'ಮಾಲಕ್ರ, ಲೆನ್ಸು ಬಿಚ್ಚತೇನ್ರಿ.'

'ಬಿಚ್ಚಿದಿ ಅಂದ್ರ ಕೈ ಮುರೀತೇನಿ! ಲೆನ್ಸು ನೋಡಾಕಂತನ ಮಂದಿ ಬಂದಾರ. ಊರೆಲ್ಲಾ ಒದರೀನಿ. ನಡಸು!'

'ಎಲ್ಲಾರೂ ದಪ್ಪ ಕಾಣತಾರ್ರಿ!'

'ದೇವರಲ್ಲೇನು? ಉಂಡಾರು, ಬಿಡು!'

ನಾ ಕಣ್ಣ ಮುಚ್ಚಿ ಸುರು ಮಾಡಿದೆ. ಯಪ್ಪಾ ಶಿವನ! ನಾರದ ಬಂದ, ಜ್ವಾಳದ ಚೀಲ ನಡದ ಬಂದಂಗ. ಅಪ್ಸರೆಯರು ಕುಣ್ಯಾಕ ಬಂದ್ರು, ಮೂರು ಮಂದೀಗೆ ಇಡೀ ಪಡದಾ ತುಂಬಿತು. ಹುಣಿಮಿ ಚಂದ್ರ ಕುಂಬಳಕಾಯಿ ಆಗಿದ್ದ. ಟೆಂಟಿನಾಗ ಮೊದಲ ಗುಸುಗುಸು, ಆಮ್ಯಾಲ ಕಿಸಿಕಿಸಿ.

ಅಷ್ಟರಾಗ ಕತಿಯೊಳಗಿನ ರಾಜಕುಮಾರ ಕಾಡಿನಾಗ ಅನ್ನ ನೀರು ಬಿಟ್ಟು ತಪಸ್ಸು ಮುಗಿಸಿ ಅರಮನಿಗೆ ಬಂದ. ಗಲ್ಲ ಎರಡೂ ಹೆಗಲಿಗೆ ಹತ್ಯಾವ, ಹೊಟ್ಟಿ ಬಾಗಲಕ್ಕ ತಾಗೇತಿ. ರಾಣಿ ಓಡಿ ಬಂದು ಅವನನ್ನ ಅಪ್ಪಿಕೊಂಡು ಗೋಳೋ ಅಂತ ಅತ್ಲು: 'ಕಂದಾ! ಎಷ್ಟು ಸೊರಗಿ ಹೋಗಿರುವೆ! ಬರೀ ಎಲುಬು ಉಳಿದಿದೆಯಲ್ಲೋ!'

ಟೆಂಟು ಹಾರಿ ಹೋಗೂದೊಂದು ಬಾಕಿ. ಮಂದಿ ಹೊಟ್ಟಿ ಹಿಡಕೊಂಡು ನೆಲಕ್ಕ ಬಿದ್ದ ಉಳ್ಳಾಡಿದ್ರು. ನಾನು ಮಾತ್ರ ಕಿಂಡ್ಯಾಗಿಂದ ಒಂದ ಬೆನ್ನ ನೋಡಾಕತ್ತಿದ್ದೆ. ಬೆಂಚಿನ ಮ್ಯಾಲಿನ ಆ ಬೆನ್ನು ಗದಗದಾ ನಡಗಾಕತ್ತಿತ್ತು. ನಗೂದೋ, ಸಿಟ್ಟೋ ತಿಳೀವಲ್ದು. ಹೋತು, ಹುಡುಗಿ ಕೈ ಬಿಟ್ಟ ಹೋದ್ಲು ಅಂತ ನನ್ನ ಕಣ್ಣಾಗ ಖರೇನ ನೀರು ಬಂತು.

ಆಟ ಮುಗೀತು. ಅಂವಾ ಸೀದಾ ಕ್ಯಾಬಿನಿಗೆ ಬಂದ. ಮಾಲಕ ಹಿಂದಿಂದ ಕೈ ಹೊಸಕೋತ ಬಂದ.

'ಈ ಪಿಚ್ಚರ್ ನಾ ಮೊದಲ ವಿಜಾಪುರದಾಗ ನೋಡಿದ್ದೆ,' ಅಂದ ಅಂವಾ. 'ಆವಾಗ ಇವರೆಲ್ಲಾ ನಿನ್ನಂಗ ಕಡ್ಡಿ ಇದ್ರು.'

ನಾ ತಲಿ ಕೆಳಗ ಹಾಕಿದೆ.

'ನಿಮ್ಮ ಟೆಂಟಿಗೆ ಬಂದ ಮ್ಯಾಲೆ ಎಷ್ಟ ಗಟ್ಟಿ ಆಗ್ಯಾರೋ ತಮ್ಮಾ! ಹೊಟ್ಟಿಗೆ ಚಲೋ ಹಾಕ್ತೀರಿ ಅಂದಂಗಾತು. ನೀನೂ ಇನ್ನೊಂದೆರಡ ವರ್ಷ ಇಲ್ಲೇ ಇದ್ರ ನೆಟ್ಟಗ ಆಗತೀ. ಮಗಳನ್ನ ಕೊಟ್ಟೆ, ನಡೀ!'

ಅಂವಾ ಚಾಷ್ಟಿ ಮಾಡಿದನೋ, ಖರೇನ ಅಂದನೋ, ಇವತ್ತಿಗೂ ನನಗ ತಿಳದಿಲ್ಲ. ಮಾಲಕಗಂತೂ ಹೆಮ್ಮಿ ತಡೀಲಿಲ್ಲ, 'ಹೌದ್ರಿ, ಹೊಟ್ಟಿಗೆ ನಾವು ಕಡಿಮಿ ಮಾಡಂಗಿಲ್ರಿ' ಅಂದ ಬಿಟ್ಟ. ಲಗ್ನದಾಗ ಅಕ್ಕಿಕಾಳು ಬೀಳೂ ಮುಂದ ನಮ್ಮಿಬ್ಬರನ್ನ ಬಾಜೂ ಬಾಜೂ ನೋಡಿ ಮಾವ ಫೋಟೋದಾಂವಗ ಕೂಗಿ ಹೇಳಿದ, 'ಏ, ಅಳಿಯಾಗಷ್ಟ ಆ ಹೊಸಾ ಲೆನ್ಸು ಹಾಕೋ!'

ನಕ್ಕ ನಕ್ಕ ಭಟ್ಟರು ಮಂತ್ರ ಮರತ್ರು. ನನ್ನ ಹೆಂಡ್ತಿ ಮಾತ್ರ ಅವತ್ತ ಏನೂ ಅನ್ನಲಿಲ್ಲ, ಸೆರಗು ಬಾಯಿಗೆ ಹಿಡಕೊಂಡ್ಲು ಅಷ್ಟ. ಇರ್ಲಿ. ಆಕಿ ಕೈಯಾನ ರೊಟ್ಟಿ, ಮಾವನ ಮನಿ ಮೊಸರು ವರ್ಷಾನಗಟ್ಟಲೆ ಉಂಡು ಈಗ ನಾನೂ ಬಾಗಲದಾಗ ನಿಂತ್ರ ಒಳಗ ಬೆಳಕ ಬರಂಗಿಲ್ಲ. ಮೊನ್ನೆ ಹಂಗ ಹೊಸ್ತಿಲ ಮ್ಯಾಲೆ ನಿಂತಿದ್ದೆ. ಒಳಗಿಂದ ಒಂದ ಧ್ವನಿ ಬಂತು:

'ರೀ, ಸಾಕ್ರಿ ಇನ್ನ. ಆ ಲೆನ್ಸು ಬಿಚ್ಚಿ ಇಡ್ರಿ.'